ವಿಯೆನ್ನಾದಲ್ಲಿ ಹಾಕಿದ ಅಪ್ರದಕ್ಷಿಣೆ

ಗುರುವಾರದ ಭಜನೆಗೆ ಕೂಡುವ ಎಲ್ಲ ಬಂಧುಗಳಿಗೂ ಲಂಡನ್ನಿನ ಇಲ್ಫರ್ಡಿನಿಂದ ಜಲಜಾಕ್ಷಿಯ ನಮಸ್ಕಾರ. ಮಂತ್ರಾಲಯದ ರಾಯರ ಎದುರು ನಿಂತು ಹೇಳುವ ಹಾಗೆಯೇ ಇದನ್ನು ಬರೆಯುತ್ತಿದ್ದೇನೆ. ಏನನ್ನೂ ಸೇರಿಸಿಲ್ಲ, ಬಿಟ್ಟಿಲ್ಲ.

ಕಳೆದ ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ವಿಯೆನ್ನಾ ನಗರದ ನಡುವಿನ ಚೌಕದಲ್ಲಿ ನಮ್ಮ ಶಾಂತಕ್ಕ ಕಾಣೆಯಾದರು. ಅವರಿಗೆ ಎಪ್ಪತ್ತಾರು ವರ್ಷ. ಎರಡು ವರ್ಷದಿಂದ ಮರೆವಿನ ಕಾಯಿಲೆ. ಆ ಊರಿನ ಭಾಷೆ ಬರುವುದಿಲ್ಲ. ಉಳಿದುಕೊಂಡ ಹೋಟೆಲಿನ ಹೆಸರು ನೆನಪಿರುವುದಿಲ್ಲ. ಅವರ ಪಾಸ್‌ಪೋರ್ಟು ನನ್ನ ಚೀಲದಲ್ಲಿತ್ತು. ಫೋನೂ ನನ್ನ ಚೀಲದಲ್ಲಿತ್ತು. ಮಧ್ಯಾಹ್ನ ತೆಗೆದುಕೊಳ್ಳಬೇಕಾದ ಸಕ್ಕರೆ ಕಾಯಿಲೆಯ ಮಾತ್ರೆಯೂ ನನ್ನ ಚೀಲದಲ್ಲೇ ಇತ್ತು.

ಇವೆಲ್ಲ ನನ್ನ ಚೀಲಕ್ಕೆ ಬಂದದ್ದು ನನ್ನ ಶಿಸ್ತಿನಿಂದ. ನನ್ನ ತಂದೆ ಮೈಸೂರಿನಲ್ಲಿ ಡ್ರಿಲ್ ಮೇಷ್ಟರು. ಮನೆಯಲ್ಲೂ ಸೀಟಿ ಊದಿಯೇ ನಮ್ಮನ್ನು ಎಬ್ಬಿಸುತ್ತಿದ್ದರು. ಆಮೇಲೆ ನಾನು ನರ್ಸ್ ಆಗಿ ಈ ದೇಶಕ್ಕೆ ಬಂದು, ಪೂರ್ವ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದೆ. ನನ್ನ ವಾರ್ಡಿನಲ್ಲಿ ಒಂದು ಥರ್ಮಾಮೀಟರ್ ಜಾಗ ತಪ್ಪಿದರೂ ನನಗೆ ಗೊತ್ತಾಗುತ್ತಿತ್ತು. ಪ್ರವಾಸ ಹೊರಟರೂ ಅಷ್ಟೇ. ಎಲ್ಲರ ಪಾಸ್‌ಪೋರ್ಟು ಒಂದೇ ಕಡೆ, ಎಲ್ಲರ ಮಾತ್ರೆ ಒಂದೇ ಕಡೆ.

ನಾವು ಹೊರಟಿದ್ದವರು ಮೂವರು. ನಾನು, ವೆಂಬ್ಲಿಯಲ್ಲಿ ಮಗನ ಮನೆಯಲ್ಲಿರುವ ಧಾರವಾಡದ ಶಾಂತಕ್ಕ, ಮತ್ತು ನನ್ನ ಜೊತೆ ಅದೇ ಆಸ್ಪತ್ರೆಯಲ್ಲಿ ದುಡಿದ ಉಡುಪಿ ಕಡೆಯ ಫಿಲೋಮಿನಾ. ಫಿಲೋಮಿನಾ ಕ್ಯಾಥೊಲಿಕ್. ಆದರೂ ನಮ್ಮ ಭಜನೆಗೆ ಬರುತ್ತಾಳೆ. "ಹಾಡು ಚೆನ್ನಾಗಿರ್ತದೆ, ಪ್ರಸಾದ ಅದಕ್ಕಿಂತ ಚೆನ್ನಾಗಿರ್ತದೆ" ಎಂದು ಅವಳೇ ಹೇಳುತ್ತಾಳೆ. ವಿಯೆನ್ನಾ ನೋಡಬೇಕೆಂಬ ಆಸೆ ಶಾಂತಕ್ಕನದು. ಅವರ ಯಜಮಾನರು ಬದುಕಿದ್ದಾಗ ಹೋಗಬೇಕೆಂದು ಮಾತಾಡಿಕೊಂಡಿದ್ದರಂತೆ, ಆಗಲಿಲ್ಲ. "ನೆನಪು ಇರೂತನಕ ನೋಡಿಬಿಡ್ತೀನಿ ಜಲಜಾ. ಆಮ್ಯಾಲೆ ನೋಡಿದ್ರೂ ಅಷ್ಟ, ಬಿಟ್ರೂ ಅಷ್ಟ" ಎಂದು ಒಂದು ದಿನ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಮಾರನೆಯ ದಿನವೇ ಟಿಕೆಟ್ ತೆಗೆದೆ.

ಅವರ ಮಗ ವಿನಯ್ ಡಾಕ್ಟರು. ಅವನಿಗೆ ಮನಸ್ಸಿರಲಿಲ್ಲ. ಶನಿವಾರ ನಸುಕಿನಲ್ಲಿ ಅಮ್ಮನನ್ನು ಕಾರಿನಲ್ಲಿ ಸ್ಟ್ರಾಟ್‌ಫರ್ಡಿಗೆ ಕರೆತಂದು, ವಿಮಾನ ನಿಲ್ದಾಣದ ಕೋಚ್ ಹತ್ತುವ ಕಡೆ ನನ್ನನ್ನು ಪಕ್ಕಕ್ಕೆ ಕರೆದ.

"ಆಂಟಿ, ಪ್ಲೀಸ್, ಒಂದು ನಿಮಿಷಾನೂ ಒಬ್ಬರನ್ನೇ ಬಿಡಬೇಡಿ. ಹೋದ ತಿಂಗಳು ನಮ್ಮ ಬೀದಿಯಲ್ಲೇ ದಾರಿ ತಪ್ಪಿದ್ರು. ನೆಕ್ಸ್ಟ್ ಡೋರ್‌ನವರು ಕರೆದುಕೊಂಡು ಬಂದ್ರು."

"ವಿನಯ್, ನಾನು ಯಾರ ಮಗಳು ಗೊತ್ತಲ್ಲ?"

"ಡ್ರಿಲ್ ಮೇಷ್ಟರ ಮಗಳು. ಎಷ್ಟೋ ಸಲ ಹೇಳಿದ್ದೀರಿ ಆಂಟಿ."

"ಹಾಗಾದರೆ ಮನೆಗೆ ಹೋಗಿ ನಿದ್ದೆ ಮಾಡು" ಎಂದೆ. ಮಾತು ಕೊಟ್ಟೆ ಎಂದೇ ಅರ್ಥ.

ಶನಿವಾರ ಬಹಳ ಸೊಗಸಾಗಿ ಕಳೆಯಿತು. ಅರಮನೆ ನೋಡಿದೆವು, ಟ್ರಾಮ್ ಹತ್ತಿದೆವು. ತೋಟದ ಬೆಂಚಿನ ಮೇಲೆ ಕುಳಿತು ನಾನು ಕಟ್ಟಿ ತಂದಿದ್ದ ಚಪಾತಿ, ಶೇಂಗಾ ಚಟ್ನಿಪುಡಿ ತಿಂದೆವು. ಫಿಲೋಮಿನಾ ಒಂದು ದೊಡ್ಡ ಕೇಕ್ ತರಿಸಿಕೊಂಡು ಒಬ್ಬಳೇ ಮುಗಿಸಿದಳು. ಶಾಂತಕ್ಕ ಅಲ್ಲಿನ ಕಾಫಿ ಕುಡಿದು, "ಪರವಾಗಿಲ್ಲ, ಕಾಫಿ ಮಾಡ್ಲಿಕ್ಕೆ ಬರ್ತದ ಇವರಿಗೆ" ಎಂದು ಸರ್ಟಿಫಿಕೇಟ್ ಕೊಟ್ಟರು. ನಾನು ಇಡೀ ದಿನ ಅವರ ತೋಳು ಬಿಡಲಿಲ್ಲ.

ಭಾನುವಾರ ಸಂಜೆ ವಾಪಸ್ ವಿಮಾನ. ಬೆಳಿಗ್ಗೆ ಫಿಲೋಮಿನಾಗೆ ಪೂಜೆಗೆ ಹೋಗಬೇಕಿತ್ತು. ಊರಿನ ನಡುವೆ ಬಣ್ಣದ ಹೆಂಚಿನ ಚಾವಣಿ ಇರುವ ಬಹಳ ಎತ್ತರದ ಹಳೆಯ ಚರ್ಚು ಇದೆ. ಸುತ್ತಲೂ ಚೌಕ. ಒಂದು ಪಕ್ಕದಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಕುದುರೆ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಅವಳು ಒಳಗೆ ಹೋದಳು. ನಾನೂ ಶಾಂತಕ್ಕನೂ ಹೊರಗೆ ಒಂದು ಕಟ್ಟೆಯ ಮೇಲೆ ಕುಳಿತೆವು. ಮಧ್ಯಾಹ್ನಕ್ಕೆ ಬೇಕಾದ ರೈಲಿನ ಟಿಕೆಟ್ ಮೊದಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದೆನಿಸಿತು. ನೆಲದಡಿಯ ಸ್ಟೇಷನ್ನಿಗೆ ಇಳಿಯುವ ಮೆಟ್ಟಿಲು ಅಲ್ಲೇ ಕಾಣುತ್ತಿತ್ತು.

"ಶಾಂತಕ್ಕ, ಎರಡು ನಿಮಿಷ. ಇಲ್ಲೇ ಕೂತಿರಬೇಕು. ಏಳಬಾರದು."

"ಎಲ್ಲೆ ಹೋಗ್ಲಿ ನಾ? ಕುದರಿ ನೋಡಕೋತ ಕೂಡ್ತೀನಿ, ನೀ ಹೋಗಿ ಬಾ" ಎಂದರು.

ಕೆಳಗೆ ಟಿಕೆಟ್ ಯಂತ್ರದ ಮುಂದೆ ಜನ ಇದ್ದರು. ಯಂತ್ರ ನನ್ನ ಕಾರ್ಡನ್ನು ಮೊದಲ ಸಲ ಒಪ್ಪಲಿಲ್ಲ. ಎರಡು ನಿಮಿಷ ಹೋಗಿ ಹತ್ತಾಯಿತೋ ಹದಿನೈದಾಯಿತೋ. ಮೇಲೆ ಬಂದಾಗ ಕಟ್ಟೆ ಖಾಲಿ ಇತ್ತು.

ಮೊದಲು ಗಾಬರಿಯಾಗಲಿಲ್ಲ. ವಾರ್ಡಿನಲ್ಲಿ ರೋಗಿ ಹಾಸಿಗೆಯಲ್ಲಿಲ್ಲ ಎಂದರೆ ಏನು ಮಾಡಬೇಕೋ ಅದೇ ಕ್ರಮ. ಮೊದಲು ಹತ್ತಿರದ ಜಾಗ, ಆಮೇಲೆ ದೂರದ ಜಾಗ. ಎದುರಿನ ಅಂಗಡಿ ನೋಡಿದೆ. ಕಾಫಿ ಅಂಗಡಿಯ ಶೌಚಾಲಯ ನೋಡಿದೆ. ಮತ್ತೆ ಸ್ಟೇಷನ್ನಿಗೆ ಇಳಿದು, ನನ್ನನ್ನು ಹುಡುಕಿಕೊಂಡು ಬಂದರೇನೋ ಎಂದು ಎರಡೂ ಪ್ಲಾಟ್‌ಫಾರ್ಮ್ ನೋಡಿದೆ. ದೊಡ್ಡ ಬೀದಿಯ ಉದ್ದಕ್ಕೂ ಹೋಗಿ ಬಂದೆ. ಅಲ್ಲಿದ್ದ ಮುದುಕಿಯರಲ್ಲಿ ಅರ್ಧ ಜನ ಕಪ್ಪು ಕೋಟನ್ನೇ ಹಾಕಿದ್ದರು. ನಮ್ಮ ಶಾಂತಕ್ಕನ ಕೋಟೂ ಕಪ್ಪೇ. ಗಾಳಿ ಚುಚ್ಚುತ್ತಿದ್ದುದರಿಂದ ಅದರ ಟೋಪಿಯನ್ನು ತಲೆಯ ಮೇಲೆ ಎಳೆದುಕೊಳ್ಳಿ ಎಂದು ಹೇಳಿದ್ದವಳೂ ನಾನೇ.

ಚರ್ಚಿನೊಳಗೆ ಹೋಗಿ, ಪೂಜೆಯ ನಡುವೆಯೇ ಫಿಲೋಮಿನಾಳ ಭುಜ ಮುಟ್ಟಿದೆ. ಬಾಗಿಲ ಹತ್ತಿರ ಬಂದು ವಿಷಯ ಕೇಳಿದವಳೇ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು.

"ಅಯ್ಯೋ ದೇವರೇ! ಎಂತ ಮಾಡುವುದು ಈಗ ಜಲಜಕ್ಕ?"

"ನೀನು ಒಳಗೇ ಇರು. ದೇವರ ಮನೆ ಕಂಡರೆ ಶಾಂತಕ್ಕ ಒಳಗೆ ಬರದೆ ಇರುವವರಲ್ಲ. ಬಾಗಿಲ ಮೇಲೆ ಕಣ್ಣಿಡು. ನಾನು ಹೊರಗೆ ನೋಡುತ್ತೇನೆ."

"ಸಂತ ಅಂತೋನಿಯವರಿಗೆ ಹೇಳ್ತೇನೆ. ಕಳೆದುಹೋದದ್ದು ಹುಡುಕಿಕೊಡುವುದು ಅವರದ್ದೇ ಡಿಪಾರ್ಟ್‌ಮೆಂಟ್" ಎಂದಳು. ನಗಿಸಲು ಹೇಳಿದ್ದಲ್ಲ, ಹೇಳಿದವಳೇ ಮೇಣದಬತ್ತಿ ಹಚ್ಚಲು ಒಳಗೆ ನಡೆದಳು.

ಚೌಕದಲ್ಲಿ ಇಬ್ಬರು ಪೊಲೀಸರಿದ್ದರು. ಅವರಲ್ಲಿ ಒಬ್ಬಳು ಹುಡುಗಿ, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದಳು. ಎತ್ತರ, ಬಟ್ಟೆ, ವಯಸ್ಸು ಎಲ್ಲ ಹೇಳಿದೆ.

"ಅವರ ಹತ್ತಿರ ಫೋನ್ ಇದೆಯೇ?"

"ನನ್ನ ಹತ್ತಿರ ಇದೆ."

"ಪಾಸ್‌ಪೋರ್ಟ್?"

"ಅದೂ ನನ್ನ ಹತ್ತಿರ."

"ಹೋಟೆಲಿನ ವಿಳಾಸ?"

ಹೋಟೆಲಿನ ಕಾರ್ಡನ್ನೂ ನನ್ನ ಚೀಲದಿಂದಲೇ ತೆಗೆದು ತೋರಿಸಿದೆ. ಅವಳು ರೇಡಿಯೊದಲ್ಲಿ ಏನೋ ಹೇಳಿ, "ನೀವು ಇಲ್ಲೇ ಕಾಯಿರಿ, ಮೇಡಂ" ಎಂದಳು. ಕಾಯುವುದು ನನ್ನ ಜಾಯಮಾನದಲ್ಲೇ ಇಲ್ಲ. ಚರ್ಚಿನ ಸುತ್ತ ನೋಡಿಕೊಂಡು ಬರುತ್ತೇನೆಂದು ಹೊರಟೆ.

ಒಂದು ಸುತ್ತು ಬಂದೆ, ಇಲ್ಲ. ಇನ್ನೊಂದು ಸುತ್ತು ಬಂದೆ, ಇಲ್ಲ. ಸುತ್ತ ಅನೇಕ ಗಲ್ಲಿಗಳು ಕೂಡುತ್ತವೆ. ಪ್ರತಿ ಗಲ್ಲಿಯ ಬಾಯಲ್ಲೂ ನಿಂತು ಇಣುಕಿದೆ. ಪ್ರತಿ ಬಾಗಿಲ ಸಂದಿಯನ್ನೂ ನೋಡಿದೆ. ಕುದುರೆ ಗಾಡಿಯವರನ್ನು ಕೈಸನ್ನೆಯಲ್ಲಿ ಕೇಳಿದೆ, ತಲೆ ಅಲ್ಲಾಡಿಸಿದರು. ಪ್ರವಾಸಿಗರ ಗುಂಪುಗಳು ಛತ್ರಿ ಹಿಡಿದ ಗೈಡುಗಳ ಹಿಂದೆ ಗೋಡೆಯಂತೆ ಅಡ್ಡ ಬರುತ್ತಿದ್ದವು. ಎಷ್ಟು ಸುತ್ತು ಬಂದೆನೋ ಎಣಿಸಲಿಲ್ಲ. ಹೀಗೇ ಒಂದು ಗಂಟೆ ಕಾಲ ಕಳೆದಿತ್ತು.

ನನ್ನ ಚೀಲದಲ್ಲಿ ಫೋನು ಹೊಡೆದುಕೊಂಡಿತು. ನನ್ನದಲ್ಲ, ಶಾಂತಕ್ಕನದು. ತೆರೆಯ ಮೇಲೆ ವಿನಯ್‌ನ ಹೆಸರು. ಭಾನುವಾರ ಆ ಹೊತ್ತಿಗೆ ಅಮ್ಮನಿಗೆ ಫೋನು ಮಾಡುತ್ತೇನೆಂದು ಅವನು ಮೊದಲೇ ಹೇಳಿದ್ದ. ಎತ್ತಲು ಕೈ ಬರಲಿಲ್ಲ. ಅದು ಹೊಡೆದು ಹೊಡೆದು ಸುಮ್ಮನಾಯಿತು.

ಬಂಧುಗಳೇ, ನಾನು ಗುರುವಾರ ತಪ್ಪದೆ ಉಪವಾಸ ಮಾಡುವವಳು. ಸ್ತೋತ್ರ ತಪ್ಪದೆ ಹೇಳುವವಳು. ಆದರೆ ರಾಯರಲ್ಲಿ ಏನನ್ನೂ ಬೇಡುವ ಅಭ್ಯಾಸ ನನಗಿರಲಿಲ್ಲ. ನನ್ನ ಕೆಲಸ ನಾನು ಸರಿಯಾಗಿ ಮಾಡಿದರೆ ಸಾಕು, ಅವರಿಗೆ ತೊಂದರೆ ಕೊಡುವುದು ಏಕೆ ಎಂದೇ ಬದುಕಿದ್ದೆ. ಅಂದು ಆ ಚರ್ಚಿನ ಗೋಡೆಗೆ ಕೈ ಊರಿ ನಿಂತೆ. ಸ್ತೋತ್ರದ ಮೊದಲ ಸಾಲೇ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ: "ರಾಯರೇ, ಇದು ನನ್ನ ಕೈಮೀರಿತು. ನೀವೇ ನೋಡಿ."

ಕೆಲಸಕ್ಕೆ ಸೇರಿದ ದಿನದಿಂದ ಯಾರೆದುರಿಗೂ ಆಡದ ಮಾತು ಅದು. ಆಡಿದ ಮೇಲೆ ಕಾಲು ತಾನಾಗಿ ಮುಂದೆ ನಡೆಯಿತು. ಕುದುರೆ ಗಾಡಿಗಳ ಕಡೆಯ ಮೂಲೆಗೆ ಬಂದೆ. ಅಲ್ಲಿ ದಾರಿ ಕಟ್ಟಿತ್ತು. ಗಾಡಿಯೊಂದನ್ನು ತಿರುಗಿಸುವಾಗ ಕುದುರೆ ಅಡ್ಡಡ್ಡ ನಿಂತುಬಿಟ್ಟಿತ್ತು. ಗಾಡಿಯವನು ಕೆಳಗಿಳಿದು ಅದರ ಮೂಗು ಸವರುತ್ತಾ ಏನೇನೋ ಹೇಳುತ್ತಿದ್ದ. ಅದು ಕದಲಲಿಲ್ಲ. ಆಚೆಗೂ ಜನ, ಈಚೆಗೂ ಜನ. ಅದರ ಹಿಂಗಾಲಿನ ಬಳಿ ನುಸುಳುವ ಧೈರ್ಯ ಯಾರಿಗೂ ಇರಲಿಲ್ಲ.

ಕಾಯಬೇಕು, ಇಲ್ಲವೇ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಹಿಂದಕ್ಕೆ ತಿರುಗಲು ನನ್ನ ಕಾಲು ಏಳಲಿಲ್ಲ. ಏಕೆಂದು ನನಗೇ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಅಷ್ಟು ಹೊತ್ತೂ ನಾನು ಆ ಚರ್ಚನ್ನು ಬಲಕ್ಕಿಟ್ಟುಕೊಂಡೇ ಸುತ್ತುತ್ತಿದ್ದೆ. ಒಂದು ಸಲವೂ ಯೋಚಿಸಿ ಮಾಡಿದ್ದಲ್ಲ. ಹುಟ್ಟಿದಾಗಿನಿಂದ ಗುಡಿಯ ಸುತ್ತ, ತುಳಸಿಕಟ್ಟೆಯ ಸುತ್ತ, ಅಶ್ವತ್ಥದ ಸುತ್ತ ಬಂದ ಕಾಲು ಅದು. ಯಾರ ದೇವರಾದರೇನು, ದೇವರ ಮನೆಯನ್ನು ಎಡಕ್ಕಿಟ್ಟುಕೊಂಡು ಅದು ನಡೆಯದು. ಅಪ್ರದಕ್ಷಿಣೆ ಬರುವುದು ಸಾವಿನ ಕರ್ಮದಲ್ಲಿ ಮಾತ್ರ. ಚಿಕ್ಕವಳಿದ್ದಾಗ ಆಟಕ್ಕೆ ಹಾಗೆ ಸುತ್ತಿದ್ದಕ್ಕೆ ಅಮ್ಮ ಬೆನ್ನಿಗೆ ಗುದ್ದಿದ್ದಳು. ಶಾಂತಕ್ಕ ಎಲ್ಲಿದ್ದಾರೋ, ಹೇಗಿದ್ದಾರೋ ತಿಳಿಯದ ಹೊತ್ತಿನಲ್ಲಿ ನಾನು ಆ ದಿಕ್ಕಿಗೆ ಹೆಜ್ಜೆ ಇಡುವುದೇ?

ಕುದುರೆಯನ್ನು ನೋಡಿದೆ. ಅದು ನನ್ನನ್ನು ನೋಡಿತು. ಜರುಗಲಿಲ್ಲ.

"ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ ರಾಯರೇ" ಎಂದು ಬಾಯಿಬಿಟ್ಟು ಹೇಳಿ ತಿರುಗಿದೆ. ಚರ್ಚು ಎಡಕ್ಕೆ ಬಂತು. ಗೋಡೆಯ ಉದ್ದಕ್ಕೂ ಬಂದು ಮೊದಲ ತಿರುವು ದಾಟಿದೆ.

ಎದುರಿಗೆ ಶಾಂತಕ್ಕ ಬರುತ್ತಿದ್ದರು.

ಕೋಟಿನ ಟೋಪಿ ತಲೆಯ ಮೇಲೆ. ಸೀರೆಯ ನೆರಿಗೆ ಎಡಗೈಯಲ್ಲಿ. ಬಲಗೈಯ ಹೆಬ್ಬೆರಳು ಬೆರಳ ಗೆಣ್ಣಿನ ಮೇಲೆ. ತುಟಿ ಅಲ್ಲಾಡುತ್ತಿತ್ತು. ಒಳ್ಳೆ ಬಿರುಸಾಗಿ ಬರುತ್ತಿದ್ದರು. ಅವರ ನಡಿಗೆ ಮೊದಲಿನಿಂದಲೂ ಹಾಗೆಯೇ. ಮರೆವು ಇನ್ನೂ ಕಾಲಿಗೆ ಬಂದಿಲ್ಲ.

"ಶಾಂತಕ್ಕಾ!" ಎಂದು ಕೂಗಿ ಓಡಿದೆ. ಅವರು ನಿಲ್ಲಲಿಲ್ಲ. ಎಡಗೈ ಎತ್ತಿ ನನ್ನನ್ನೇ ತಡೆದರು.

"ಮಾತಾಡಸಬ್ಯಾಡ, ಮಾತಾಡಸಬ್ಯಾಡ! ಲೆಕ್ಕಾ ತಪ್ತದ!"

ನಾನು ಅಪ್ಪಿಕೊಂಡುಬಿಟ್ಟೆ. ಜೋರಾಗಿ ಅತ್ತೆ. ಕೆಲಸದ ದಿನಗಳಲ್ಲಿ ನನ್ನನ್ನು ಹಾಗೆ ಕಂಡವರು ಯಾರೂ ಇಲ್ಲ.

"ಹೋತು. ತಪ್ಪಿಸಿದಿ ನೋಡು ಮತ್ತ" ಎಂದು ಶಾಂತಕ್ಕ ಬೈದರು. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. "ಯಾಕವಾ, ಯಾಕ ಅಳ್ಲಿಕತ್ತಿ? ಹೆದರಿದೇನು? ಎಲ್ಲೆ ಹೋಗಿದ್ದಿ ಇಷ್ಟೊತ್ತು?"

"ನಾನೆಲ್ಲಿ ಹೋಗಿದ್ದೆ? ನೀವು ಎಲ್ಲಿ ಹೋಗಿದ್ದಿರಿ ಶಾಂತಕ್ಕ?"

"ನಾ ಎಲ್ಲೂ ಹೋಗಿಲ್ಲ, ಇಲ್ಲೇ ಇದ್ದೀನಿ. ಎದ್ದು ನೋಡ್ತೀನಿ, ನೀನೂ ಇಲ್ಲ, ಫಿಲೋಮಿನಾನೂ ಇಲ್ಲ. ಪರದೇಶ. ಇಬ್ಬರೂ ಕಳಕೊಂಡಾರ, ಏನ್ ಮಾಡಬೇಕು? ಏನೂ ಆಗದಂಗ ಇಬ್ಬರೂ ಸಿಗಲಿ ಅಂತ ರಾಯರಿಗೆ ಹನ್ನೊಂದು ಪ್ರದಕ್ಷಿಣಿ ಬೇಡಿಕೊಂಡೆ. ಇಲ್ಲೆ ರಾಯರ ಮಠ ಎಲ್ಲಿ ಹುಡುಕ್ಲಿ? ಇದೂ ದೇವರ ಮನೀನ ಅಲ್ಲ? ಸುರು ಮಾಡಿದೆ." ಅವರು ತಮ್ಮ ಬೆರಳುಗಳನ್ನೇ ಬೇಸರದಿಂದ ನೋಡಿಕೊಂಡರು. "ಆದರ ನಾಕೋ ಐದೋ ಆಗೂದ್ರಾಗ ಮರತು ಹೋಗ್ತದ ಜಲಜಾ. ಲೆಕ್ಕಾ ತಪ್ಪಿದ್ರ ಮತ್ತ ಒಂದರಿಂದ ಹಾಕಬೇಕಲ್ಲ. ಎಷ್ಟೊತ್ತಾತೋ ಏನೋ, ಮುಗೀವಲ್ದು."

ಆಗ ಎಲ್ಲ ಅರ್ಥವಾಯಿತು. ಒಂದು ಗಂಟೆಯಿಂದ ನಾವಿಬ್ಬರೂ ಒಂದೇ ಚರ್ಚನ್ನು, ಒಂದೇ ದಿಕ್ಕಿನಲ್ಲಿ, ಒಬ್ಬರ ಹಿಂದೆ ಒಬ್ಬರು ಸುತ್ತುತ್ತಿದ್ದೆವು. ನಾನು ಗಲ್ಲಿಗಳಲ್ಲಿ ಇಣುಕುವಾಗ ಅವರು ಬೆರಳ ಲೆಕ್ಕದಲ್ಲೇ ಕಣ್ಣಿಟ್ಟು ನನ್ನ ಬೆನ್ನ ಹಿಂದೆ ದಾಟಿ ಹೋಗಿರಬೇಕು. ಅವರು ಇತ್ತ ತಿರುಗುವಾಗ ನಾನು ಅತ್ತ. ಸಂಜೆಯವರೆಗೆ ಸುತ್ತಿದ್ದರೂ ಮುಖ ಕಾಣುತ್ತಿರಲಿಲ್ಲ. ಅವರು ಎಂದಿಗೂ ತಿರುಗುವವರಲ್ಲ. ನಾನೂ ತಿರುಗುವವಳಲ್ಲ. ಒಂದು ಕುದುರೆ ಅಡ್ಡ ನಿಂತು ನನ್ನನ್ನು ತಿರುಗಿಸಬೇಕಾಯಿತು.

ಫಿಲೋಮಿನಾಳನ್ನು ಹೊರಗೆ ಕರೆದೆ. ಬಂದವಳೇ ಶಾಂತಕ್ಕನ ಎರಡೂ ಕೆನ್ನೆ ಹಿಡಿದುಕೊಂಡಳು.

"ಎಲ್ಲಿ ಸತ್ತಿದ್ದಿರಿ ಶಾಂತಕ್ಕ? ಮೇಣದಬತ್ತಿ ಹಚ್ಚಿ ಹಚ್ಚಿ ನನ್ನ ಪರ್ಸ್ ಖಾಲಿ ಆಯ್ತು ಮಾರಾಯ್ತಿ!"

"ನಿಮ್ಮನ್ನ ಹುಡಕ್ಲಿಕತ್ತಿದ್ದೆವಾ" ಎಂದರು ಶಾಂತಕ್ಕ ಶಾಂತವಾಗಿ.

ಪೊಲೀಸ್ ಹುಡುಗಿಗೆ ತೋರಿಸಿ ಥ್ಯಾಂಕ್ಸ್ ಹೇಳಿ ಬಂದೆ. ವಿನಯ್‌ಗೆ ಫೋನು ಮಾಡಿ ಶಾಂತಕ್ಕನ ಕೈಗೆ ಕೊಟ್ಟೆ. ಮಾತ್ರೆ ಕೊಟ್ಟೆ, ಬಾಳೆಹಣ್ಣು ತಿನ್ನಿಸಿದೆ. ಇನ್ನು ಹೋಟೆಲಿಗೆ ಹೋಗಿ ಚೀಲ ತೆಗೆದುಕೊಂಡು ಹೊರಡೋಣ ಎಂದರೆ ಶಾಂತಕ್ಕ ಏಳಲಿಲ್ಲ.

"ನೀವಿಬ್ಬರೂ ಸಿಕ್ಕಿದ್ರಿ. ಹರಕಿ ಮುಗದಿಲ್ಲ. ಹಂಗ ಹೋಗೂದೇನು?"

ವಿಮಾನಕ್ಕೆ ಇನ್ನೂ ಹೊತ್ತಿತ್ತು. ಇಲ್ಲದಿದ್ದರೂ ನಾನು ಬೇಡವೆನ್ನುತ್ತಿರಲಿಲ್ಲ. "ನೀವು ಸುತ್ತಿ. ಲೆಕ್ಕ ನನಗೆ ಬಿಡಿ" ಎಂದೆ. ಮೂವರೂ ಹೊರಟೆವು, ಈ ಸಲ ಸರಿಯಾದ ದಿಕ್ಕಿನಲ್ಲಿ. ನಾನು ಬೆರಳಲ್ಲಿ ಎಣಿಸುತ್ತಿದ್ದೆ. ಫಿಲೋಮಿನಾ ಜಪಸರವನ್ನೇ ಕೈಗೆ ತೆಗೆದುಕೊಂಡಳು. "ನಮ್ಮದರಲ್ಲಿ ಹತ್ತು ಚಿಕ್ಕ ಮಣಿ, ಆಮೇಲೆ ಒಂದು ದೊಡ್ಡದು. ನಿಮ್ಮ ರಾಯರಿಗೆ ಸರಿಯಾಗಿ ಹನ್ನೊಂದು" ಎಂದಳು. ಶಾಂತಕ್ಕ ಕೈಮುಗಿದುಕೊಂಡು ಮುಂದೆ ನಡೆದರು. ಲೆಕ್ಕದ ಚಿಂತೆ ಇಲ್ಲದೆ ಅವರ ಮುಖ ಎಷ್ಟು ಹಗುರಾಗಿತ್ತೆಂದರೆ, ನನಗೆ ನನ್ನ ಅಮ್ಮನ ನೆನಪಾಯಿತು. ಕೊನೆಯ ಸುತ್ತಿನ ಹೊತ್ತಿಗೆ ಆ ಕುದುರೆ ಅಲ್ಲಿರಲಿಲ್ಲ. ಯಾರನ್ನೋ ಕೂರಿಸಿಕೊಂಡು ಹೊರಟುಹೋಗಿತ್ತು.

ಆ ರಾತ್ರಿ ಸ್ಟ್ರಾಟ್‌ಫರ್ಡಿನಲ್ಲಿ ವಿನಯ್ ಕಾಯುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಶಾಂತಕ್ಕ ವರದಿ ಒಪ್ಪಿಸಿದರು: "ಇವರಿಬ್ಬರೂ ಕಳಕೊಂಡಿದ್ರು ನೋಡಪಾ. ನಾ ಹುಡುಕಿಕೊಟ್ಟೆ." ನಾನು ನಡೆದದ್ದನ್ನು ನಡೆದ ಹಾಗೆ ಅವನಿಗೆ ಹೇಳಿದೆ, ಅವನ ಫೋನು ಎತ್ತದೆ ಬಿಟ್ಟದ್ದನ್ನೂ ಹೇಳಿದೆ. ಅವನು ಬೈಯುತ್ತಾನೆಂದುಕೊಂಡೆ. ಅಮ್ಮನ ಕೋಟಿನ ಗುಂಡಿ ಹಾಕುತ್ತಾ, "ಇಷ್ಟು ಖುಷಿಯಾಗಿ ಮಾತಾಡಿದ್ದು ಅಪ್ಪ ಹೋದಮೇಲೆ ಇದೇ ಮೊದಲು ಆಂಟಿ" ಎಂದ.

ಈಗ ಶಾಂತಕ್ಕನ ಕೊರಳಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಇರುವ ಒಂದು ಚಿಕ್ಕ ಚೀಲ ಇರುತ್ತದೆ. ಅವರ ವಸ್ತು ಅವರ ಮೈಮೇಲೆಯೇ ಇರಬೇಕು ಎಂಬುದು ಈಗ ನನ್ನ ನಿಯಮ. ಗುರುವಾರ ಬೆಳಿಗ್ಗೆ ನಾನು ಟ್ಯೂಬ್ ರೈಲು ಹತ್ತಿ ವೆಂಬ್ಲಿಗೆ ಹೋಗುತ್ತೇನೆ. ಆ ಮನೆಯ ಹಿಂದೆ ಗಾಜಿನ ಕೋಣೆಯಲ್ಲಿ, ಚಳಿಗೆ ಸಾಯಬಾರದೆಂದು ಹೀಟರ್ ಪಕ್ಕ ಇಟ್ಟ ತುಳಸಿ ಕುಂಡ ಇದೆ. ಅದರ ಮುಂದೆ ರಾಯರ ಪಟ.

ಆ ದಿನ ಉತ್ತರ ಸಿಕ್ಕಿದ್ದು ನನ್ನ ಪ್ರಾರ್ಥನೆಗೆ ಎಂದು ಬರೆಯಲು ಕುಳಿತೆ. ಬರೆಯುತ್ತಾ ಬಂದಂತೆ ಆ ಧೈರ್ಯ ಸಾಲದಾಯಿತು. ನನ್ನದು ಒಂದೇ ಸಾಲು, ಅದೂ ದಾರಿ ಎಲ್ಲ ಮುಗಿದ ಮೇಲೆ. ನಾನು ಕಳೆದುಹೋಗಿದ್ದೇನೆಂದು ಇನ್ನೊಬ್ಬರು ಅದಕ್ಕೂ ಮೊದಲಿನಿಂದ, ಲೆಕ್ಕ ತಪ್ಪಿದಾಗಲೆಲ್ಲ ಮತ್ತೆ ಒಂದರಿಂದ ಶುರುಮಾಡಿ ನನಗಾಗಿ ಸುತ್ತುತ್ತಿದ್ದರು. ಯಾರದನ್ನು ಮೊದಲು ಕೇಳಿಸಿಕೊಂಡರೆಂದು ರಾಯರಿಗೇ ಗೊತ್ತು. ನಾನು ಕಂಡದ್ದು ಇಷ್ಟು: ಅವರು ಕೇಳಿಸಿಕೊಳ್ಳುತ್ತಾರೆ. ಬೇಡುವುದಕ್ಕೆ ನನ್ನ ಹಾಗೆ ಯಾರೂ ಸಂಕೋಚಪಡಬೇಡಿ.

ನಿನ್ನೆಯೂ ಗುರುವಾರ. ತುಳಸಿಯ ಸುತ್ತ ಪ್ರದಕ್ಷಿಣೆ ಬರುತ್ತಾ ಮಧ್ಯದಲ್ಲಿ ಶಾಂತಕ್ಕ ನಿಂತು ನನ್ನ ಕಡೆ ತಿರುಗಿದರು.

"ಎಷ್ಟಾತು ಜಲಜಾ?"

"ಏಳು ಆಯಿತು ಶಾಂತಕ್ಕ, ನಡೆಯಿರಿ" ಎಂದೆ. ಅವರು ನಡೆದರು.